ಫ್ಯಾನ್ ಹೊತ್ತು ಬಂದವನ ಮಾರ್ಗದರ್ಶನ

ಅಕ್ಕನ ಮಗಳಿಗೆ ಶಂಕರಘಟ್ಟದಲ್ಲಿ ಎಂ.ಎ. ಸೀಟು ಸಿಕ್ಕಿದ ಸುದ್ದಿ ಬಂದ ಕೂಡಲೇ ಮನೆಯವರೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಮಾಮನ್ನ ಕೇಳು. ಅವನು ಏನೇನು ಮಾಡಿದ್ನೋ ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಮಾಡು." ಹೀಗೆ ನಾನು ಮಾರ್ಗದರ್ಶಕನಾದೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಅರ್ಥಶಾಸ್ತ್ರ ಓದಿದವನು ನಾನು. ಹೊಸ ವಿದ್ಯಾರ್ಥಿ ಮಾಡಬಹುದಾದ ಎಡವಟ್ಟುಗಳಲ್ಲಿ ಮುಂದಿನವರಿಗೆಂದು ನಾನು ಉಳಿಸಿ ಬಂದದ್ದು ಬಹಳ ಕಡಿಮೆ. ಆ ಮಟ್ಟಿಗೆ ನನ್ನ ಅರ್ಹತೆಯನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ.

ಶಂಕರಘಟ್ಟ ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್. ಭದ್ರಾವತಿ ತಾಲ್ಲೂಕು, ಭದ್ರಾ ಅಣೆಕಟ್ಟೆಯ ಮಗ್ಗುಲು. ಕ್ಯಾಂಪಸ್ಸಿಗೆ ಜ್ಞಾನಸಹ್ಯಾದ್ರಿ ಎಂದು ಹೆಸರು. ಕುವೆಂಪು ಬದುಕಿದ್ದಾಗಲೇ, 1987ರಲ್ಲಿ, ಅವರ ಹೆಸರಿನಲ್ಲಿ ಶುರುವಾದದ್ದು. 2009ರಲ್ಲಿ ದಾವಣಗೆರೆಗೆ ಬೇರೆ ವಿಶ್ವವಿದ್ಯಾಲಯವಾದ ಮೇಲೆ ಇದರ ಪಾಲಿಗೆ ಉಳಿದದ್ದು ಶಿವಮೊಗ್ಗ, ಚಿಕ್ಕಮಗಳೂರು ಎರಡೇ ಜಿಲ್ಲೆ. ಊರು ಸಣ್ಣದು, ಕ್ಯಾಂಪಸ್ಸಿನ ಜನವೂ ಮಿತ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ನೀವು ಕಾಲು ಜಾರಿ ಬಿದ್ದರೆ ಅಲ್ಲಿ ನಿಂತವರು ನಾಲ್ಕು ಜನ ನಕ್ಕು ಮರೆತುಬಿಡುತ್ತಾರೆ. ಇಲ್ಲಿ ವಿಭಾಗದ ಮೆಟ್ಟಿಲ ಮೇಲೆ ಬಿದ್ದು ಎದ್ದು ಹಾಸ್ಟೆಲ್ಲಿಗೆ ಬರುವಷ್ಟರಲ್ಲಿ ಅಡುಗೆ ಭಟ್ಟರು "ಮಂಡಿಗೆ ಪೆಟ್ಟಾಯ್ತಾ?" ಎಂದು ಅರಿಶಿನ ಹಿಡಿದು ನಿಂತಿರುತ್ತಾರೆ. ಸಣ್ಣ ವಿಶ್ವವಿದ್ಯಾಲಯದ ಕಷ್ಟವೂ ಇದೇ, ಸುಖವೂ ಇದೇ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ನಾನು ಫ್ಯಾನ್ ತರುತ್ತಿರಲಿಲ್ಲ.

ಫ್ಯಾನಿಗೆ ಬರುವ ಮೊದಲು ಬಸ್ಸು. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು 'ಶಂಕರಘಟ್ಟ' ಎಂಬ ಬೋರ್ಡಿಗಾಗಿ ಕಣ್ಣು ನೆಟ್ಟು ಕೂತೆ. ಎದುರಿಗೇ 'ಬಿ.ಆರ್.ಪಿ.' ಬಸ್ಸುಗಳು ಬಂದವು, ತುಂಬಿದವು, ಹೋದವು. "ಬಿಆರ್‌ಪಿ ಬಿಆರ್‌ಪಿ ಬಿಆರ್‌ಪಿ" ಎಂದು ಕಂಡಕ್ಟರುಗಳು ಕೂಗುತ್ತಿದ್ದುದನ್ನು ಕೇಳಿ, ಈ ಕಡೆ ಹೊಸದೊಂದು ಪಕ್ಷ ಹುಟ್ಟಿದೆ, ಚುನಾವಣೆ ಹತ್ತಿರವಿದೆ ಎಂದುಕೊಂಡೆ. ಕಡೆಗೆ ಕಡಲೆಕಾಯಿ ಮಾರುವ ಹೆಂಗಸಿಗೇ ಕನಿಕರ ಬಂತು. "ಯುನಿವರ್ಸಿಟಿಗಾ? ಬಿಆರ್‌ಪಿ ಬಸ್ ಹತ್ತು ಮಾರಾಯ! ಆವಾಗಿಂದ ಅದನ್ನೇ ನೋಡ್ಕಂಡು ಕೂತಿದೀಯಲ್ಲ, ನಾನು ಯಾರನ್ನೋ ಕಾಯ್ತಿದೀಯ ಅಂದ್ಕಂಡೆ." ಅಣೆಕಟ್ಟೆಯ ಯೋಜನೆಗೆಂದು ಎದ್ದ ಊರಿಗೆ ಯೋಜನೆಯ ಅಕ್ಷರಗಳೇ ಹೆಸರಾಗಿ ನಿಂತಿವೆ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ಅಕ್ಕನ ಮಗಳಿಗೆ ಹೇಳಿದ್ದೇನೆ: ಬೋರ್ಡು ಓದಬೇಡ, ಬಾಯಿ ಬಿಟ್ಟು ಕೇಳು. ಇನ್ನೊಂದು, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಇರುವುದು ಸರ್ಕಾರಿ ಬಸ್ಸಿನಲ್ಲಿ. ಈ ಕಡೆ ಖಾಸಗಿ ಬಸ್ಸೂ ಬೇಕಾದಷ್ಟಿವೆ. ಅದನ್ನು ಹತ್ತಿ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಫೋಟೊ ಚೆನ್ನಾಗಿದೆ ಎಂದು ಹೇಳಿ ಟಿಕೆಟ್ ಹರಿಯುತ್ತಾನೆ.

ಈಗ ಫ್ಯಾನು. ನಾನು ಸಿರುಗುಪ್ಪದವನು. ನಮ್ಮಲ್ಲಿ ಮಗ ಹಾಸ್ಟೆಲ್ಲಿಗೆ ಹೊರಟರೆ ಮೊದಲು ಕಟ್ಟುವುದು ಟೇಬಲ್ ಫ್ಯಾನು, ಆಮೇಲೆ ಬಟ್ಟೆ, ಜಾಗ ಉಳಿದರೆ ಪುಸ್ತಕ. ಅಪ್ಪ ಬಳ್ಳಾರಿಯಿಂದ ಹೊಸದನ್ನೇ ತಂದು, ಗೋಣಿಚೀಲದಲ್ಲಿ ಹೊಲಿದು, ರೆಕ್ಕೆ ನಲುಗದಂತೆ ನಡುವೆ ಒಂದು ದಿಂಬು ತುರುಕಿ ಕೊಟ್ಟಿದ್ದರು. ಬಳ್ಳಾರಿ, ಚಿತ್ರದುರ್ಗ ದಾಟುವ ತನಕ ಅಪ್ಪನ ದೂರದೃಷ್ಟಿಗೆ ಮನಸ್ಸಿನಲ್ಲೇ ಕೈಮುಗಿದೆ. ಚನ್ನಗಿರಿ ಬಂದು ರಸ್ತೆಯ ಎರಡೂ ಕಡೆ ಅಡಿಕೆ ತೋಟ ಕಾಣತೊಡಗಿದಾಗ ಕಿಟಕಿ ಹಾಕಬೇಕೆನಿಸಿತು. ಕ್ಯಾಂಪಸ್ ಗೇಟಿನಲ್ಲಿ ಇಳಿದಾಗ ಆಗಸ್ಟ್ ತಿಂಗಳ ಮಳೆ ಸುರಿಯುತ್ತಿತ್ತು. ಕೊಡೆ ಇರಲಿಲ್ಲ. ಕೊಡೆ ತರಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಕೊಡೆ ಹಿಡಿಯುವುದು ಬಿಸಿಲಿಗೆ, ಅದೂ ಅಜ್ಜಿ.

ತಲೆಯ ಮೇಲೆ ಗೋಣಿಚೀಲ ಹೊತ್ತು ಹಾಸ್ಟೆಲ್ ವರಾಂಡಕ್ಕೆ ಬಂದೆ. ಸ್ವೆಟರು ಹಾಕಿಕೊಂಡ ಸೀನಿಯರುಗಳು ಅಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದರು.

"ಎಂತದದು?"

"ಫ್ಯಾನ್ ಅಣ್ಣ."

ಯಾರೂ ನಗಲಿಲ್ಲ. ಒಬ್ಬ ಮಾತ್ರ ಹೊದ್ದಿದ್ದ ಶಾಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ.

ಸಂಜೆಗೆ ನನ್ನ ಹೆಸರು 'ಫ್ಯಾನ್' ಆಯಿತು. ಮಾರನೆಯ ಬೆಳಿಗ್ಗೆ ವಿಭಾಗಕ್ಕೆ ಹೋದರೆ ಅಟೆಂಡರು ಅಡ್ಮಿಷನ್ ರಸೀದಿ ನೋಡುವ ಮೊದಲೇ "ಫ್ಯಾನ್ ತಂದೋರು ನೀವೇನಾ?" ಎಂದು ಕೇಳಿದರು. ಹೊಸಬರು ನೆನಪಿಡಬೇಕಾದದ್ದು ಇದು: ಮೊದಲ ವಾರ ನೀವು ಏನು ಹೊತ್ತು ಬರುತ್ತೀರೋ, ಏನು ಒದರುತ್ತೀರೋ, ಎಲ್ಲಿ ಬೀಳುತ್ತೀರೋ ಅದೇ ನಿಮ್ಮ ಎರಡು ವರ್ಷದ ಹೆಸರು. ನನ್ನ ರೂಮ್‌ಮೇಟ್ ಮೊದಲ ದಿನ ಊಟಕ್ಕೆ ಕೂತು "ಇನ್ನೊಂದು ಹಪ್ಪಳ ಸಿಗಬಹುದಾ?" ಎಂದು ಕೇಳಿದ ಪಾಪಕ್ಕೆ ಹಪ್ಪಳವಾದ. ಇಂದು ಅವನು ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ನನ್ನ ಮೊಬೈಲಿನಲ್ಲಿ ಈಗಲೂ ಹಪ್ಪಳವೇ.

ಆದರೆ ಮಳೆ ಹೆಚ್ಚಿತು. ಒಗೆದ ಬಟ್ಟೆ ವಾರವಾದರೂ ಒಣಗಲಿಲ್ಲ. ಜೀನ್ಸ್ ಪ್ಯಾಂಟು ಹಗ್ಗದ ಮೇಲೆಯೇ ವಾಸನೆ ಹಿಡಿಯಿತು, ಬೆಲ್ಟಿನ ಮೇಲೆ ಹಸಿರು ಬೂಷ್ಟು ಬೆಳೆಯಿತು. ಒಂದು ರಾತ್ರಿ ಬಾಗಿಲು ಬಡಿದ ಸದ್ದಾಗಿ ತೆರೆದರೆ, ಶಾಲು ಸುತ್ತಿಕೊಂಡಿದ್ದ ಅದೇ ಸೀನಿಯರು. ಕೈಯಲ್ಲಿ ಒದ್ದೆ ಬನಿಯನ್ನು. "ಫ್ಯಾನ್, ನಾಳೆ ಸೆಮಿನಾರ್ ಇದೆ ಕಣೋ" ಎಂದ, ದನಿ ತಗ್ಗಿಸಿ. ಅಲ್ಲಿಗೆ ನನ್ನ ಕಾಲ ಬಂತು. ಮುಂದಿನ ಭಾನುವಾರದ ಹೊತ್ತಿಗೆ ನನ್ನ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ. ಅದರ ಮೇಲೆ ಸಮಾಜಶಾಸ್ತ್ರ, ಇತಿಹಾಸ, ಸಸ್ಯಶಾಸ್ತ್ರ ವಿಭಾಗಗಳ ಒಳಉಡುಪು. ರಾತ್ರಿಯೆಲ್ಲ ಫ್ಯಾನು ತಿರುಗಿ ತಿರುಗಿ, ಪೂರ್ತಿ ಸಿರುಗುಪ್ಪದವನಾದ ನಾನು ಎರಡು ಕಂಬಳಿಯೊಳಗೆ ನಡುಗುತ್ತ ಮಲಗಿದೆ. ಯಾರದು ಯಾವುದೆಂದು ಗುರುತಿಗೆ ಕಾಗದದ ಚೀಟಿ ಸಿಕ್ಕಿಸುತ್ತಿದ್ದೆ.

ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಹುಡುಕಿಕೊಂಡು ವಾರ್ಡನ್ ಸಾಹೇಬರು ಒಮ್ಮೆ ತಪಾಸಣೆಗೆ ಬಂದರು. ನನ್ನ ಬಾಗಿಲು ತಳ್ಳಿದವರು ತೋರಣದ ಕೆಳಗೆ ತಲೆ ತಗ್ಗಿಸಿ ಬಂದು, ಫ್ಯಾನು ನೋಡಿದರು, ಚೀಟಿ ಓದಿದರು, ಏನೂ ಮಾತಾಡದೆ ಹೋದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮಾರನೆಯ ಸಂಜೆ ಅವರ ಮನೆಯಿಂದ ಮಗನ ಶಾಲೆ ಯೂನಿಫಾರಂ ಬಂತು. ಚೀಟಿ ಮೊದಲೇ ಸಿಕ್ಕಿಸಿತ್ತು.

ಕಾಗದಪತ್ರದ ವಿಷಯಕ್ಕೆ ಬಂದರೆ ನನ್ನ ಪಾಂಡಿತ್ಯ ಇನ್ನೂ ಆಳವಾದದ್ದು. ಬೇರೆ ವಿಶ್ವವಿದ್ಯಾಲಯದಿಂದ ಬರುವವರು ಟಿ.ಸಿ. ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟ್ ತರಬೇಕು. ಟಿ.ಸಿ. ಕೊಡುವುದು ಓದಿದ ಕಾಲೇಜು, ಮೈಗ್ರೇಷನ್ ಕೊಡುವುದು ಆ ಕಾಲೇಜಿನ ಮೇಲಿರುವ ವಿಶ್ವವಿದ್ಯಾಲಯ. ಎರಡೂ ಒಂದೇ ಎಂದು ನಂಬಿದ್ದ ನಾನು, ಇಲ್ಲದ ಕಾಗದವನ್ನು 'ಕೊಟ್ಟಿದ್ದೇನೆ' ಎಂದು ಕೌಂಟರಿನಲ್ಲಿ ವಾದ ಮಾಡಿದೆ. ಒಳಗಿದ್ದ ಮೇಡಂ ನನ್ನ ಫೈಲನ್ನು ತೆರೆದು ಒಂದೊಂದೇ ಹಾಳೆ ನನ್ನ ಕೈಯಿಂದಲೇ ಮಗುಚಿಸಿದರು. ಕೊನೆಯ ಹಾಳೆಗೆ ಬಂದಾಗ ನನ್ನ ಹಿಂದಿನ ಸಾಲಿನವರೆಲ್ಲ ನನ್ನೊಂದಿಗೆ ಓದುತ್ತಿದ್ದರು. ಇನ್ನು, ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಜೋಪಾನವೆಂದು ನಾನು ಮಾಡಿಸಿದ್ದೆ. ಅದರ ಬೆನ್ನಿಗೆ ಸೀಲು ಹಾಕಬೇಕಾದಾಗ ಶಾಯಿ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆ ನನ್ನ ಬಿಳಿ ಅಂಗಿಗೆ ಬಂತು. ಎರಡು ವರ್ಷ ಆ ಅಂಗಿ ದೃಢೀಕೃತವಾಗಿಯೇ ಇತ್ತು.

ಅರ್ಜಿಯನ್ನು ಊರಿನ ಸೈಬರ್ ಸೆಂಟರಿನಲ್ಲಿ ತುಂಬಿಸುವವರು ದಯವಿಟ್ಟು ಕೇಳಿ: ಮೊಬೈಲ್ ನಂಬರು, ಇ-ಮೇಲ್ ನಿಮ್ಮದೇ ಕೊಡಿ. ನನ್ನ ಬಳಿ ಇ-ಮೇಲ್ ಇರಲಿಲ್ಲ. ಅಂಗಡಿಯವನು "ಇರಲಿ ಬಿಡು" ಎಂದು ತನ್ನದನ್ನೇ ಹಾಕಿದ್ದ. ಆಮೇಲೆ ಪಾಸ್‌ವರ್ಡ್ ಬದಲಿಸಲು, ಹಾಲ್ ಟಿಕೆಟ್ ತೆಗೆಯಲು, ಏನೇ ಮಾಡಿದರೂ ಒಟಿಪಿ ಹೋಗುವುದು ಸಿರುಗುಪ್ಪಕ್ಕೆ. ಫೋನ್ ಮಾಡಿದರೆ ಅವನು "ಗಿರಾಕಿ ಅದಾರ, ಸ್ವಲ್ಪ ತಡಿ" ಅನ್ನುವನು. ತಡೆಯುವಷ್ಟರಲ್ಲಿ ಒಟಿಪಿ ಸಾಯುವುದು. ಫಲಿತಾಂಶವೂ ಮೊದಲು ಅವನಿಗೇ ಸಿಗುತ್ತಿತ್ತು. ಎರಡನೇ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರದ ಪೇಪರು ಹೋದ ವಿಷಯ ನಮ್ಮ ಓಣಿಗೆಲ್ಲ ಗೊತ್ತಾಗಿ, ಅಮ್ಮನಿಗೆ ಗೊತ್ತಾಗಿ, ಅಮ್ಮ ಅತ್ತು ಸಮಾಧಾನವಾಗಿ, ಆಮೇಲೆ ನನಗೆ ಗೊತ್ತಾಯಿತು.

ವಿದ್ಯಾರ್ಥಿವೇತನದ್ದು ಬೇರೆಯದೇ ಪುರಾಣ. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು. ಆಧಾರಿನಲ್ಲಿರುವ ಹೆಸರಿಗೂ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಇನಿಷಿಯಲ್ ಹಿಂದೆ ಮುಂದೆಯಾದರೂ ತಕರಾರು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಹಣ ಬೀಳುವುದು ನೀವು ಬಯಸಿದ ಖಾತೆಗಲ್ಲ, ಆಧಾರ್ ಸೀಡಿಂಗ್ ಆಗಿರುವ ಖಾತೆಗೆ. ನಾನು ಕ್ಯಾಂಪಸ್ಸಿನ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು, ಪಾಸ್‌ಬುಕ್ ಹಿಡಿದು ದಿನಾ ಎಂಟ್ರಿ ಹಾಕಿಸಿದ್ದೇ ಬಂತು. ಹಣ ಬರಲಿಲ್ಲ. ಬಡ ವಿದ್ಯಾರ್ಥಿಗಳ ಮೇಲಾಗುತ್ತಿರುವ ಅನ್ಯಾಯದ ಬಗ್ಗೆ ಹಾಸ್ಟೆಲ್ ವರಾಂಡದಲ್ಲಿ ಭಾಷಣ ಮಾಡಿದೆ. ಚಪ್ಪಾಳೆ ಬಿದ್ದದ್ದರಿಂದ ಮನವಿಪತ್ರವನ್ನೂ ಬರೆದೆ, ಗೆಳೆಯರೆಲ್ಲ ಸಹಿ ಹಾಕಿದರು. ದಸರಾ ರಜೆಗೆ ಊರಿಗೆ ಹೋದರೆ ಅಂಗಳದಲ್ಲಿ ಹೊಸ ಮೇಕೆಗಳು. ನಾನು ಡಿಗ್ರಿಯಲ್ಲಿದ್ದಾಗ ತೆರೆದಿದ್ದ ಹಳೆಯ ಖಾತೆಗೆ ಹಣ ಬಿದ್ದಿತ್ತು. ಅದರ ಎಟಿಎಂ ಕಾರ್ಡು ಅಪ್ಪನ ಜೇಬಿನಲ್ಲಿ, ಮೆಸೇಜು ಅಪ್ಪನ ಮೊಬೈಲಿಗೆ. "ಸರ್ಕಾರ ಏನೋ ಕೊಟ್ಟೈತಪಾ, ಯಾಕ್ ಕೊಟ್ಟೈತಿ ಅಂತ ಕೇಳಿದ್ರ ವಾಪಸ್ ತಗಂತಾರ" ಎಂದು ಅಪ್ಪ ಸುಮ್ಮನಿದ್ದರು. ಮನವಿಪತ್ರವನ್ನು ಹಿಂದಕ್ಕೆ ಪಡೆಯುವ ಬಗೆ ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತರಗತಿಗೆ 75 ಪರ್ಸೆಂಟ್ ಹಾಜರಿ ಬೇಕು. ಇಲ್ಲಿ ಪ್ರಾಕ್ಸಿ ಹೇಳುವ ಪ್ರಶ್ನೆಯೇ ಇಲ್ಲ. ಬೆಂಚು ಖಾಲಿ ಇದ್ದರೆ ಬಾಗಿಲ ಹೊರಗಿನಿಂದಲೇ ಕಾಣುತ್ತದೆ. ಒಮ್ಮೆ ಕ್ಲಾಸು ತಪ್ಪಿಸಿ ಶಿವಮೊಗ್ಗಕ್ಕೆ ಸಿನಿಮಾಕ್ಕೆ ಹೋಗಿದ್ದೆ. ಮರಳುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ನಮ್ಮ ಮೇಷ್ಟ್ರೇ. ಬೈಯಲಿಲ್ಲ. "ಇವತ್ತಿನದು ಮುಖ್ಯ ಪಾಠ ಆಗಿತ್ತಪ್ಪ, ನಿಮಗೆ ಮಿಸ್ ಆಯ್ತು" ಎಂದು ಕೇನ್ಸನ ಗುಣಕ ಸಿದ್ಧಾಂತವನ್ನು ಮೊದಲಿನಿಂದ ಶುರುಮಾಡಿ, ಟಿಕೆಟಿನ ಹಿಂದೆ ಸಮೀಕರಣ ಬರೆದು, ಕ್ಯಾಂಪಸ್ ಗೇಟು ಬರುವ ಹೊತ್ತಿಗೆ ಮುಗಿಸಿದರು. ಹಿಂದಿನ ಸೀಟಿನ ಮುದುಕರೊಬ್ಬರು ಒಂದು ಪ್ರಶ್ನೆಯನ್ನೂ ಕೇಳಿದರು. ನನ್ನ ಬಳಿ ಪ್ರಶ್ನೆಯಿರಲಿಲ್ಲ.

ಗ್ರಂಥಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಗೆ ನಾನು ಅಷ್ಟಾಗಿ ಹೋದವನಲ್ಲ, ಆದ್ದರಿಂದ ಎಡವಟ್ಟೂ ಕಡಿಮೆ. ರಿಸರ್ಚ್ ಸ್ಕಾಲರುಗಳ ಸ್ನೇಹ ಮಾತ್ರ ಬಿಡಬೇಡಿ. ವರ್ಷಗಟ್ಟಲೆ ಅಲ್ಲೇ ಇರುವವರು; ಯಾವ ಅರ್ಜಿ ಯಾವ ಟೇಬಲ್ಲಿಗೆ, ನೆಟ್ ಪರೀಕ್ಷೆಗೆ ಯಾವ ಪುಸ್ತಕ ಎಲ್ಲ ಗೊತ್ತು. ಒಂದು ಟೀ ಕೊಡಿಸಿದರೆ ಹೇಳುತ್ತಾರೆ, ಎರಡು ಕೊಡಿಸಿದರೆ ತಮ್ಮ ಪ್ರಬಂಧದ ವಿಷಯವನ್ನೂ ಹೇಳುತ್ತಾರೆ. ಒಂದಕ್ಕೇ ನಿಲ್ಲಿಸಿ. ಭದ್ರಾ ನೋಡಲು ಹೋಗಿ, ನೀರಿಗೆ ಇಳಿಯಬೇಡಿ; ಅಣೆಕಟ್ಟೆ 186 ಅಡಿ ಮುಟ್ಟುವ ದಿನಗಳಲ್ಲಂತೂ ದಂಡೆಯ ಹತ್ತಿರವೂ ಬೇಡ. ಕಾಲು ತೊಳೆಯಲು ಹೋಗಿ ನನ್ನ ಹೊಸ ಚಪ್ಪಲಿ ಹೊಳೆಯ ಪಾಲಾಯಿತು. ಅದು ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿಕೊಂಡು, ಹೊಸಪೇಟೆಯ ಡ್ಯಾಮನ್ನು ಹೇಗೋ ದಾಟಿದ್ದರೆ, ರಜೆಗೆ ನನಗಿಂತ ಮುಂಚೆ ನಮ್ಮ ಊರಿನ ಕಡೆ ತಲುಪಿರಬೇಕು.

ಮೆಸ್ಸಿನ ವಿಚಾರ ಮಾತ್ರ ನಿಧಾನವಾಗಿ ಹೇಳಬೇಕು. ನಮ್ಮದು ಡಿವೈಡಿಂಗ್ ಸಿಸ್ಟಂ. ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಉಂಡವರ ಹಾಜರಿಗೆ ಭಾಗಿಸಿ, ತಲೆಗಿಷ್ಟು ಎಂದು ಬಿಲ್ಲು. ಲೆಕ್ಕ ನೋಡಿಕೊಳ್ಳುವುದು ವಿದ್ಯಾರ್ಥಿಗಳದೇ ಸಮಿತಿ. ಬರೆಯದ ಕಾನೂನೊಂದಿದೆ: ಸಭೆಯಲ್ಲಿ ಯಾರು ದೂರು ಹೇಳುತ್ತಾರೋ ಅವರೇ ಮುಂದಿನ ಸೆಕ್ರೆಟರಿ. ಹಳಬರೆಲ್ಲ ಆ ಸಭೆಯಲ್ಲಿ ಮೌನವ್ರತದಲ್ಲಿ ಕೂತಿರುವುದನ್ನು ಕಂಡು, ಇವರಿಗೆ ಧೈರ್ಯವಿಲ್ಲ ಎಂದುಕೊಂಡು ನಾನು ಎದ್ದು ನಿಂತೆ. "ಸಾಂಬಾರಿಗೆ ಖಾರಾನೇ ಇಲ್ಲ" ಎಂದೆ. ಹರ್ಷೋದ್ಗಾರವಾಯಿತು. ಕೀಲಿಕೈ, ಲೆಕ್ಕದ ಪುಸ್ತಕ, ಚೀಲ ಎಲ್ಲವನ್ನೂ ಅಲ್ಲಿಯೇ ಕೈಗಿಟ್ಟರು.

ಶಿವಮೊಗ್ಗದ ಅಂಗಡಿಯಲ್ಲಿ ಸಾಮಾನು ಬರೆಸುವಾಗ ಮೆಣಸಿನಕಾಯಿಗೆ ಬಂದು ನಿಂತೆ. ಭಟ್ಟರ ಚೀಟಿಯಲ್ಲಿ ಬ್ಯಾಡಗಿ ಎಂದಿತ್ತು. ಪಕ್ಕದ ಮೂಟೆಯಲ್ಲಿ ಗುಂಟೂರು, ಬೆಲೆಯಲ್ಲಿ ಅಗ್ಗ. ಅರ್ಥಶಾಸ್ತ್ರದವನು ನಾನು, ತೂಕ ಅಷ್ಟೇ ಇರಲಿ, ಮಾಲು ಬದಲಿಸಿದರೆ ಬಿಲ್ಲು ಇಳಿಯುತ್ತದೆ, ಖಾರವೂ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಬ್ಯಾಡಗಿ ಇರುವುದು ಮುಖ್ಯವಾಗಿ ಬಣ್ಣಕ್ಕೆ, ಅದನ್ನು ಹಾಕುವ ಪ್ರಮಾಣದಲ್ಲಿ ಗುಂಟೂರು ಹಾಕಬಾರದು ಎಂಬುದು ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. ಚೀಲ ಬಿಚ್ಚಿದ ಭಟ್ಟರು ಒಂದು ಕಾಯಿ ಮುರಿದು ಮೂಸಿ "ಸೆಕ್ರೆಟ್ರಿಗಳೇ, ಇದು ಯಾರು ಹೇಳಿದ್ದು?" ಎಂದು ಕೇಳಿದರು. "ನಾನು ಹೇಳಿದ್ದು. ಹಾಕಿ" ಎಂದೆ. ಅಧಿಕಾರ ಅಂಥದ್ದು.

ಮಧ್ಯಾಹ್ನದ ಸಾಂಬಾರು ನೋಡಲು ಪೇಲವವಾಗಿತ್ತು. ಹಾಗಾಗಿ ಎಲ್ಲರೂ ಧಾರಾಳವಾಗಿ ಹಾಕಿಸಿಕೊಂಡರು. ಮೊದಲ ತುತ್ತಿಗೆ ಗಲಾಟೆ ನಿಂತಿತು. ಹಪ್ಪಳನ ಕಣ್ಣಿನಿಂದ ಧಾರೆ ಇಳಿಯುತ್ತಿತ್ತು. ಅವನು ಎದ್ದು ನೀರಿನ ಡ್ರಮ್ಮಿನ ನಲ್ಲಿಗೆ ನೇರವಾಗಿ ಬಾಯಿ ಕೊಟ್ಟ, ಅವನ ಹಿಂದೆ ಸಾಲು ಬೆಳೆಯಿತು. ಮಲೆನಾಡಿನ ಹುಡುಗನೊಬ್ಬ ಬೆಲ್ಲದ ಡಬ್ಬಿಯನ್ನು ಅಪ್ಪಿಕೊಂಡು ಯಾರಿಗೂ ಕೊಡದೆ ಕೂತ. ನಾನು ಮಾತ್ರ ನಮ್ಮೂರಿನ ಮಾನ ಉಳಿಸಲು ಎರಡನೇ ಸಲ ಬಡಿಸಿಕೊಂಡು, ಬೆವರು ಒರೆಸುತ್ತ, "ಈಗ ಸರಿ ಇದೆ ನೋಡಿ" ಎಂದೆ. ಮಧ್ಯಾಹ್ನ ಯಾವ ವಿಭಾಗದಲ್ಲೂ ನಮ್ಮ ಹಾಸ್ಟೆಲಿನವರು ಕಾಣಲಿಲ್ಲ. ಆ ವಾರವೆಲ್ಲ ಹುಡುಗರು ಗೇಟಿನ ಹೊರಗಿನ ಹೋಟೆಲಿನಲ್ಲಿ ಉಂಡರು. ಮೆಸ್ಸಿನ ಹಾಜರಿ ಅರ್ಧಕ್ಕಿಳಿಯಿತು. ಖರ್ಚು ಅಷ್ಟೇ, ಭಾಗಿಸಲು ತಲೆ ಕಡಿಮೆ. ತಿಂಗಳ ಕೊನೆಗೆ ಬಿಲ್ಲು ನೋಡಿದವರು ನನ್ನನ್ನು ಹುಡುಕಿಕೊಂಡು ಬಂದರು. ನಾನು ಒದ್ದೆ ಬಟ್ಟೆಯ ತೋರಣದ ಹಿಂದೆ ಅಡಗಿಕೊಂಡಿದ್ದೆ.

ಕೊನೆಯದಾಗಿ ನೋ ಡ್ಯೂಸ್. ಕೋರ್ಸು ಮುಗಿದಾಗ ಕಾಗದಪತ್ರ ವಾಪಸ್ ಬೇಕೆಂದರೆ ಗ್ರಂಥಾಲಯ, ಹಾಸ್ಟೆಲ್, ವಿಭಾಗ, ಕ್ರೀಡಾ ವಿಭಾಗ ಎಲ್ಲ ಕಡೆ ಬಾಕಿ ಇಲ್ಲವೆಂದು ಸಹಿ ಮಾಡಿಸಬೇಕು. ಆದ್ದರಿಂದ ಮೊದಲ ದಿನದಿಂದಲೇ ಎಲ್ಲಿ ಏನು ಪಡೆದಿರಿ ಎಂದು ಬರೆದಿಡಿ. ಎಲ್ಲ ಸಹಿಯೂ ಮುಗಿದು ಕ್ರೀಡಾ ವಿಭಾಗಕ್ಕೆ ಹೋದರೆ, ಮೊದಲ ವರ್ಷ ನನ್ನ ಸಹಿಯಲ್ಲಿ ಪಡೆದ ಕೇರಂ ಸ್ಟ್ರೈಕರು ಬಾಕಿ ಎಂದು ಪುಸ್ತಕ ಹೇಳಿತು. ಹಳೆಯ ರೂಮಿಗೆ ಓಡಿದೆ. ಅಲ್ಲಿ ಈಗ ಜೂನಿಯರೊಬ್ಬ ಇದ್ದ. ಸ್ಟ್ರೈಕರು ಇತ್ತು, ಅವನ ಮಂಚದ ಗಿಡ್ಡ ಕಾಲಿನ ಕೆಳಗೆ. ನಾವೇ ಇಟ್ಟು ಮರೆತದ್ದು.

"ಅದನ್ನ ತೆಗೆದ್ರೆ ಮಂಚ ಕುಣಿಯುತ್ತಣ್ಣ, ನಂಗೆ ನಾಡಿದ್ದು ಪರೀಕ್ಷೆ" ಎಂದ.

ಮಳೆಯಲ್ಲೇ ಹೋಗಿ ಕಟ್ಟಡದ ಕೆಲಸ ನಡೆಯುತ್ತಿದ್ದ ಕಡೆಯಿಂದ ಇಟ್ಟಿಗೆ ಚೂರು ಹುಡುಕಿ ತಂದೆ. ಮಂಚವನ್ನು ಬೆನ್ನಿನಿಂದ ಎತ್ತಿ ಹಿಡಿದೆ, ಅವನು ಚೂರು ತುರುಕಿದ. ಅವನು ಮಲಗಿ ನೋಡಿದ, ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ.

"ಒಂಚೂರು ಎತ್ತರ ಆಯ್ತಣ್ಣ. ಬೇರೆ ಸಿಗುತ್ತಾ ನೋಡಿ."